ಆರು ಸ್ಟೀಲ್ ಪಟ್ಟಿಗಳ ತೂಕ

ಮೊನ್ನೆ ಮಧ್ಯಾಹ್ನ ಮಗಳು ಕಿಟಕಿಯ ಹತ್ತಿರ ಕುಳಿತು ಹತ್ತಿಯಿಂದ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಅಸಿಟೋನಿನ ಆ ತಣ್ಣನೆಯ, ತುಸು ಸಿಹಿಯಾದ ವಾಸನೆ ಕೋಣೆ ತುಂಬ ಹರಡಿತು. ಓದುತ್ತಿದ್ದ ಪೇಪರು ಕೈಯಲ್ಲೇ ಉಳಿಯಿತು. ರಾಣೆಬೆನ್ನೂರಿನ ಈ ಮನೆ, ಹೊರಗಿನ ಬಿಸಿಲು, ಮಗಳು... ಎಲ್ಲ ಮೆಲ್ಲಗೆ ದೂರ ಸರಿದು ಹಾವೇರಿಯ ಒಂದು ಪ್ರಯೋಗಾಲಯ ಕಣ್ಣೆದುರು ನಿಂತಿತು. ಅಲ್ಲಿ ಮೇಡಂ ಇದ್ದರು.

ಎರಡು ಸಾವಿರದ ದಶಕದ ನಡುವಿನ ಮಾತು. ಎಂ.ಎಸ್ಸಿ. ಮುಗಿಸಿದ್ದ ನಾನು ಹಾವೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಮೇಡಂ ನಮ್ಮ ವಿಭಾಗದ ಹಿರಿಯರು. ನಲವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಬ್ಯಾಡಗಿಯಲ್ಲಿ ಅಣ್ಣನ ಮನೆಯಲ್ಲಿದ್ದು ದಿನವೂ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದರು. ಅವರ ಬೆರಳ ತುದಿಗಳು ಸದಾ ಕಂದು. ಮೆಹಂದಿಯೇ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಅದು ಪರ್ಮಾಂಗನೇಟಿನ ಕಲೆ. ಕ್ಲಾಸು ಮುಗಿದ ಮೇಲೆ ಅವರು ಪಿಎಚ್‌.ಡಿ.ಗಾಗಿ ಸೂಪರ್ ಕೆಪಾಸಿಟರಿನ ಎಲೆಕ್ಟ್ರೋಡ್ ತಯಾರಿಸುತ್ತಿದ್ದರು. ವಿದ್ಯುತ್ತನ್ನು ಕ್ಷಣದಲ್ಲಿ ತುಂಬಿಕೊಂಡು ಕ್ಷಣದಲ್ಲಿ ಬಿಟ್ಟುಕೊಡುವ ಸಾಧನ ಅದು.

ನಾನು ಓದಿದ್ದು ರಸಾಯನಶಾಸ್ತ್ರದ ಬೇರೆ ಶಾಖೆ. ಮೊದಲ ದಿನವೇ ಕೇಳಿದೆ, ಇದರಲ್ಲಿ ಹೊಸದೇನು ಎಂದು. ಅವರು ತಮ್ಮ ಚೀಲದಿಂದ ಒಂದು ಒಣಮೆಣಸಿನಕಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನೋಡ ತಂಗಿ, ನಮ್ಮೂರ ಕಾಯಿ. ಮೈಯೆಲ್ಲಾ ಸುಕ್ಕು. ಈ ಸುಕ್ಕೆಲ್ಲಾ ಬಿಡಿಸಿ ಹಾಸಿದ್ರ ಎಷ್ಟ ಜಾಗಾ ಆಕ್ಕೈತಿ? ಮ್ಯಾಂಗನೀಸ್ ಆಕ್ಸೈಡಿಗೂ ಹಂಗ ಸುಕ್ಕು ಬರಿಸಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಸುಕ್ಕು. ಜಾಗಾ ಹೆಚ್ಚಾದಷ್ಟೂ ಚಾರ್ಜು ಹೆಚ್ಚು ಕುಂದರತೈತಿ."

ಅವರ ವಿಧಾನಕ್ಕೆ ಬೇಕಾದದ್ದು ನಾಲ್ಕು ಬೀಕರು. ಒಂದರಲ್ಲಿ ಮ್ಯಾಂಗನೀಸಿನ ಲವಣ, ಒಂದರಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟ್, ಉಳಿದೆರಡರಲ್ಲಿ ಶುದ್ಧ ನೀರು. ಪಾತ್ರೆ ಅಂಗಡಿಯಲ್ಲಿ ಕತ್ತರಿಸಿಕೊಂಡು ಬಂದ ಬೆರಳಗಲದ ಸ್ಟೀಲ್ ಪಟ್ಟಿಯನ್ನು ಚಿಮುಟದಲ್ಲಿ ಹಿಡಿದು ಒಂದಾದ ಮೇಲೊಂದು ಬೀಕರಿನಲ್ಲಿ ಅದ್ದಿ ತೆಗೆಯುವುದು. ಮತ್ತೆ ಅದೇ, ಮತ್ತೆ ಅದೇ... ನೂರಾರು ಸಲ. ಪಟ್ಟಿಯ ಮೇಲೆ ಮೊದಲು ಚಹಾದಂಥ ಬಣ್ಣ, ಆಮೇಲೆ ಕಾಫಿಯಂಥದು, ಕೊನೆಗೆ ಕಪ್ಪು. ಮಧ್ಯಾಹ್ನದ ಬಿಸಿಲು ನೇರಳೆ ಬೀಕರಿನ ಮೂಲಕ ಹಾದು ಅವರ ಮುಖದ ಮೇಲೆ ಬೀಳುತ್ತಿತ್ತು. ತುಟಿಯಲ್ಲೇ ಎಣಿಸುತ್ತಿದ್ದರು. ನೋಡುತ್ತ ಕುಳಿತರೆ ನನಗೆ ನಿದ್ದೆಯಲ್ಲದ ಒಂದು ಜೊಂಪು ಹತ್ತುತ್ತಿತ್ತು.

ತೂಗುವ ಕೆಲಸ ನನ್ನದು. ಬರಿಯ ಪಟ್ಟಿಯನ್ನು ಮೊದಲು ತೂಗಬೇಕು, ಆಕ್ಸೈಡ್ ಕೂತ ಮೇಲೆ ಮತ್ತೆ ತೂಗಬೇಕು. ಎರಡರ ವ್ಯತ್ಯಾಸವೇ ಆಕ್ಸೈಡಿನ ತೂಕ. ಅದು ಒಂದು ಸಾಸಿವೆ ಕಾಳಿಗಿಂತ ಹಗುರ. ಕಾಲೇಜಿನ ಹಿಂದೆಯೇ ರೈಲು ಹಳಿ. ಗೂಡ್ಸ್ ಗಾಡಿ ಬಂದರೆ ತಕ್ಕಡಿಯ ಅಂಕಿಗಳು ಕುಣಿಯುತ್ತಿದ್ದವು. ಕೊನೆಯ ಡಬ್ಬಿ ದಾಟಿ ನೆಲ ಸುಮ್ಮನಾಗುವವರೆಗೆ ನಾವಿಬ್ಬರೂ ಉಸಿರು ಹಿಡಿದಂತೆ ಕಾಯುತ್ತಿದ್ದೆವು.

ಒಮ್ಮೆ ಪಟ್ಟಿ ತೊಳೆಯುವ ಅಸಿಟೋನ್ ಮುಗಿದಿತ್ತು. ಹುಬ್ಬಳ್ಳಿಯಿಂದ ಬರಬೇಕಿತ್ತು. ಅಂದು ಮಧ್ಯಾಹ್ನ ನನ್ನನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅವಸರದಲ್ಲಿ ಆರು ಹೊಸ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ತೂಗಿ, ನೋಟ್‌ಬುಕ್ಕಿನಲ್ಲಿ ಬರೆದು ಮನೆಗೆ ಓಡಿದೆ. ಎರಡು ದಿನದ ಮೇಲೆ ಅಸಿಟೋನ್ ಬಂತು. ಪಟ್ಟಿಗಳನ್ನು ತೊಳೆದು ಮೇಡಂ ಕೈಗೆ ಕೊಟ್ಟೆ. ಮತ್ತೆ ತೂಗಲಿಲ್ಲ.

ಆಕ್ಸೈಡ್ ಕೂರಿಸಿ, ತೂಗಿಸಿದ ಮೇಲೆ ಆ ಆರು ಪಟ್ಟಿಗಳನ್ನು ಮೇಡಂ ಹಳೆಯ ಕ್ಯಾಮೆರಾ ರೀಲಿನ ಡಬ್ಬಿಗಳಲ್ಲಿಟ್ಟುಕೊಂಡು, ಎಂದಿನಂತೆ ಧಾರವಾಡದಲ್ಲಿದ್ದ ತಮ್ಮ ಗೈಡ್ ಹತ್ತಿರ ಅಳತೆಗೆ ಒಯ್ದರು. ಗ್ರಾಂ ಆಕ್ಸೈಡಿಗೆ ಎಷ್ಟು ಚಾರ್ಜು ಎಂಬ ಲೆಕ್ಕ ಹಿಂದೆಂದಿಗಿಂತ ಎರಡು ಪಟ್ಟು ಬಂದಿತ್ತು. ಸಂಶೋಧನಾ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದು ಒಂದು ವರ್ಷ ಬಂದು ಕೆಲಸ ಮಾಡಿ ಎಂದು ಕರೆಯಿತು. ಆ ಪತ್ರ ಬಂದ ದಿನ ಮೇಡಂ ಕಿಟಕಿಯಲ್ಲಿ ನಿಂತು ಹಳಿಯನ್ನೇ ಬಹಳ ಹೊತ್ತು ನೋಡಿದರು. ಈ ಹಳಿಯ ಮೇಲೆ ಬೆಂಗಳೂರಿನ ಕಡೆಗೆ ತಾವು ಬ್ಯಾಡಗಿಯಿಂದಾಚೆ ಹೋದದ್ದೇ ಕಡಿಮೆ ಅಂದರು.

ಆಮೇಲೆ ಆ ಅಂಕಿ ಮತ್ತೆ ಬರಲಿಲ್ಲ. ತಿಂಗಳುಗಟ್ಟಲೆ ಅದ್ದಿದರು. ನೀರು ಬದಲಿಸಿದರು, ಎಣಿಕೆ ಬದಲಿಸಿದರು, ಬಲಗೈ ಬಿಟ್ಟು ಎಡಗೈಯಲ್ಲಿ ಅದ್ದಿ ನೋಡಿದರು. ಬರಬರುತ್ತ ಮಾತು ಕಡಿಮೆಯಾಯಿತು. "ಕೈಯಾಗಿನ ಹದಾ ಹೋತು ತಂಗಿ," ಎಂದು ಒಂದು ದಿನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು.

ನನಗೆ ಹೊಳೆದದ್ದು ಪ್ರಾಕ್ಟಿಕಲ್ ತರಗತಿಯಲ್ಲಿ. ಒಬ್ಬ ವಿದ್ಯಾರ್ಥಿನಿ ಜಿಡ್ಡು ಕೈಯಲ್ಲಿ ಹಿಡಿದ ಬಟ್ಟಲನ್ನು ಹಾಗೆಯೇ ತೂಗಲು ಹೊರಟಿದ್ದಳು. "ಮೊದಲ ತೊಳಿ, ಆಮ್ಯಾಲ ತೂಗು" ಎಂದು ಗದರಿಸಿದೆ. ಗದರಿಸಿದವಳೇ ಬಾಯಿ ಮುಚ್ಚಿ ನಿಂತುಬಿಟ್ಟೆ. ಆ ಆರು ಪಟ್ಟಿಗಳ ಮೇಲೆ ಅಂಗಡಿಯಲ್ಲಿ ಕತ್ತರಿಸುವಾಗ ಹತ್ತಿದ ಎಣ್ಣೆಯಿತ್ತು. ನಾನು ಎಣ್ಣೆಯ ಸಮೇತ ತೂಗಿದ್ದೆ. ಆಮೇಲೆ ಅಸಿಟೋನ್ ಎಣ್ಣೆಯನ್ನು ಒಯ್ದಿತ್ತು. ಹಾಗಾಗಿ ಆಕ್ಸೈಡಿನ ತೂಕ ಇದ್ದುದಕ್ಕಿಂತ ಕಡಿಮೆ ಕಂಡಿತ್ತು, ಗ್ರಾಂ ಲೆಕ್ಕದಲ್ಲಿ ಅದರ ಶಕ್ತಿ ನಿಜಕ್ಕಿಂತ ದೊಡ್ಡದಾಗಿ ಕಂಡಿತ್ತು.

ಹದಿನೈದು ದಿನ ಸುಮ್ಮನಿದ್ದೆ. ಅವರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಗಾಡಿಯೊಂದು ದಾಟಿಹೋದ ಮೇಲಿನ ಮೌನದಲ್ಲಿ ಎಲ್ಲ ಹೇಳಿದೆ.

ಅವರು ಎದ್ದರು. ಬೀರುವಿನಿಂದ ತೊಳೆಯದ ಒಂದು ಪಟ್ಟಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ ತಾವೇ ತೂಗಿದರು. ಅಸಿಟೋನಿನಲ್ಲಿ ತೊಳೆದು ಒಣಗಿಸಿ ಮತ್ತೆ ತೂಗಿದರು. ಅಂಕಿ ಇಳಿದಿತ್ತು. ಅದನ್ನೇ ನೋಡುತ್ತ ನಿಂತವರು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿದ್ದವು. ಆದರೆ ನಗುತ್ತಿದ್ದರು.

"ಅಂದ್ರ ನನ್ನ ಕೈ ಕೆಟ್ಟಿಲ್ಲ. ಖರೇನ ಕೆಟ್ಟಿಲ್ಲಲ್ಲ?"

ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ. ಈ ಮಾತಿಗೆ ಸಿದ್ಧಳಾಗಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತೆ.

ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ಗೈಡ್‌ಗೆ ಫೋನು ಮಾಡಿದರು. ಯಾರೂ ಗಮನಿಸುವುದಿಲ್ಲ, ಬಿಟ್ಟುಬಿಡಿ ಎಂದು ಗೈಡ್ ಹೇಳಿದ್ದು ರಿಸೀವರಿನಿಂದ ನನಗೂ ಕೇಳಿಸಿತು. "ನಾ ಗಮನಿಸೇನಲ್ರಿ ಸರ್," ಎಂದು ಮೇಡಂ ಮೆಲ್ಲಗೆ ಫೋನಿಟ್ಟರು. ಆಮೇಲೆ ಪತ್ರಿಕೆಗೆ ಬರೆದ ಪತ್ರದಲ್ಲಿ, ತೂಕದಲ್ಲಿ ತಮ್ಮಿಂದಲೇ ತಪ್ಪಾಗಿದೆ ಎಂದಿತ್ತು.

"ಮೇಡಂರೀ, ತಪ್ಪು ನಂದು. ನನ್ನ ಹೆಸರ ಬರೀರಿ," ಅಂದೆ.

"ನೋಟ್‌ಬುಕ್ಕಿನ್ಯಾಗ ಸಹಿ ಯಾರದೈತಿ? ನಂದು. ನೀ ಈಗ ಮದುವಿ ಆಗಾಕಿ, ನೌಕರಿ ಹುಡುಕಾಕಿ. ಈ ಮಾತು ಇಲ್ಲಿಗೇ ಬಿಡು. ಯಾರ ಮುಂದೂ ತಗಿಯಬ್ಯಾಡ."

ಬೆಂಗಳೂರಿನವರು ಆಮೇಲೆ ಬರೆಯಲಿಲ್ಲ. ಶಾಲು ಹೊದಿಸಿದ್ದ ಸ್ಟಾಫ್ ರೂಮಿನಲ್ಲಿ ಮೇಡಂ ಬಂದಾಗ ಕೆಲವರು ಮಾತು ನಿಲ್ಲಿಸುತ್ತಿದ್ದರು. ಮೇಡಂ ಮತ್ತೆ ಮೊದಲಿನಿಂದ ಅದ್ದಲು ಕುಳಿತರು. ಬಂದ ಅಂಕಿ ಹಳೆಯದರ ಅರ್ಧದಷ್ಟೇ. ಆದರೆ ಎಷ್ಟು ಸಲ ಚಾರ್ಜು ತುಂಬಿ ತೆಗೆದರೂ ಆ ಪದರ ಉದುರಲಿಲ್ಲ, ಸೊರಗಲಿಲ್ಲ. ಅದನ್ನೇ ಹಿಡಿದು, ವರ್ಷಗಳು ತಡವಾಗಿ ಪಿಎಚ್‌.ಡಿ. ಮುಗಿಸಿದರು. ಅಷ್ಟರಲ್ಲಿ ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದಿದ್ದೆ. ಅವರು ಕಳಿಸಿದ ಪೇಢೆಯ ಪೊಟ್ಟಣದ ಮೇಲೆ ತಮ್ಮ ಹೆಸರಿನ ಮೊದಲು 'ಡಾ.' ಎಂದು ಬರೆದು, ನಾಚಿಕೆಯಾದವರಂತೆ ಅದರ ಸುತ್ತ ಸಣ್ಣ ಗೆರೆ ಎಳೆದಿದ್ದರು.

ನಂತರ ಅವರಿಗೆ ವರ್ಗವಾಯಿತು, ನಿವೃತ್ತಿಯಾಯಿತು. ಬ್ಯಾಡಗಿಗೆ ಮರಳಿದ್ದಾರೆಂದು ಗೊತ್ತಿತ್ತು. ರೈಲಿನಲ್ಲಿ ಅರ್ಧ ಗಂಟೆಯ ದಾರಿ. "ಯಾವಾಗ ಬರ್ತಿ?" ಎಂದು ಫೋನಿನಲ್ಲಿ ಕೇಳಿದ್ದರು. ಮಗಳ ಪರೀಕ್ಷೆ ಮುಗಿಯಲಿ ಅಂದೆ. ಪರೀಕ್ಷೆಗಳು ಮುಗಿದವು, ಮತ್ತೆ ಬಂದವು... ಕಳೆದ ವರ್ಷ ಅವರ ಅಣ್ಣನ ಸೊಸೆ ಫೋನು ಮಾಡಿದಾಗ ಎಲ್ಲ ಮುಗಿದು ಹನ್ನೊಂದು ದಿನವಾಗಿತ್ತು.

ಯಾರ ಮುಂದೂ ತೆಗೆಯಬೇಡ ಎಂದಿದ್ದರು. ಅವರಿರುವವರೆಗೆ ಆ ಮಾತು ನಡೆಸಿದೆ, ಅದರ ನೆರಳಿನಲ್ಲಿ ಹಾಯಾಗಿಯೂ ಇದ್ದೆ. ಅವರನ್ನು ಬಲ್ಲವರು ಇನ್ನೂ ಹಾವೇರಿಯಲ್ಲಿದ್ದಾರೆ. ಮೇಡಂ ಒಮ್ಮೆ ತಪ್ಪು ತೂಗಿದ್ದರಂತೆ ಎಂದು ಈಗಲೂ ಅನ್ನುತ್ತಾರೆ. ಇಲ್ಲ. ತೂಗಿದವಳು ನಾನು.