ದೀಪದಕ್ಕನ ಒಕ್ಕಣ್ಣ ತಮ್ಮ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ದೀಪದಕ್ಕ ಎಂದೇ ಕರೆಯುತ್ತಿದ್ದರು. ಮಿದುಳಿನ ಅಲೆಗಳನ್ನು ದಾಖಲಿಸುವ ಕೋಣೆ ಅವಳದು. ಕಿಟಕಿಯಿಲ್ಲದ, ಸದಾ ಅಂಟಿನ ವಾಸನೆ ಹೊಡೆಯುವ ಕೋಣೆ. ಬಂದವರನ್ನು ಮಂಚದ ಮೇಲೆ ಮಲಗಿಸಿ, ಕೂದಲು ಬಿಡಿಸಿ, ನೆತ್ತಿಯ ಮೇಲೆಲ್ಲ ತಂತಿಗಳನ್ನು ಅಂಟಿಸಿ, ಕೊನೆಗೆ ಮುಖದ ಮುಂದೆ ಒಂದು ದೀಪ ತಂದು ನಿಲ್ಲಿಸುವಳು. ಆ ದೀಪ ಮೊದಲು ನಿಧಾನಕ್ಕೆ ಮಿನುಗುತ್ತದೆ, ಆಮೇಲೆ ಬೇಗ, ಆಮೇಲೆ ಇನ್ನೂ ಬೇಗ. ಹೆಚ್ಚಿನವರ ಮಿದುಳು, ಪಾಪ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ದೀಪದ ತಾಳಕ್ಕೆ ತಾಳ ಹಾಕಿಕೊಂಡು ಹೋಗುತ್ತದೆ. ಎಲ್ಲೋ ಕೆಲವರದು ಮಾತ್ರ ಹುಚ್ಚೆದ್ದು ಕುಣಿಯುತ್ತದೆ. ಪರದೆಯ ಮೇಲಿನ ಗೆರೆಗಳೆಲ್ಲ ಒಟ್ಟಿಗೆ ಗರಗಸದ ಹಲ್ಲಿನಂತೆ ಎದ್ದು ನಿಲ್ಲುತ್ತವೆ. ಆ ಕ್ಷಣವೇ ದೀಪ ಆರಿಸದಿದ್ದರೆ ಮಲಗಿದವರು ಪ್ರಜ್ಞೆ ತಪ್ಪಿ ಒದ್ದಾಡಲೂಬಹುದು.

ಹಾಗಾಗಿ ಅವಳ ಬೆರಳು ಗುಂಡಿಯ ಮೇಲಿಂದ ಕದಲುತ್ತಿರಲಿಲ್ಲ. ಕೆಲಸದಲ್ಲಿ ಬಲು ಬಿಗಿ. ಪರೀಕ್ಷೆಯ ನಡುವೆ ಇಣುಕಿದ ದೊಡ್ಡ ಡಾಕ್ಟರಿಗೇ "ಸ್ವಲ್ಪ ಹೊರಗೆ ನಿಲ್ಲಿ ಸಾರ್" ಎಂದವಳು. ಮನೆಯಲ್ಲಿ ಮಾತ್ರ ಅವಳ ಬಾಯಿಗೆ ಬೀಗವಿಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರಿಟ್ಟು ಗೋಳು ಹೊಯ್ದುಕೊಳ್ಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ತಮ್ಮನಿಗಿಟ್ಟ ಹೆಸರು ಒಕ್ಕಣ್ಣ. ಚಿಕ್ಕಂದಿನಲ್ಲಿ ಟೀವಿಯ ಚಿತ್ರ ಪಟಪಟ ಹಾರಿದಾಗಲೆಲ್ಲ ಅವನು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅದಕ್ಕೆ. ಹೆಸರು ಅಂಟಿತು, ಬಿಡಲೇ ಇಲ್ಲ.

ಆ ಒಕ್ಕಣ್ಣ ಈಗ ಶಾಲೆಯ ಬಸ್ಸು ಓಡಿಸುತ್ತಿದ್ದ. ದೀಪದಕ್ಕನ ಮಗಳೂ ಅದೇ ಬಸ್ಸಿನಲ್ಲಿ, ಮಾಮನ ಹಿಂದಿನ ಸೀಟಿನಲ್ಲೇ ಕೂತು ಓಡಾಡುತ್ತಿದ್ದಳು. ಹೋದ ವಾರ ಸಂಜೆ, ಮಕ್ಕಳನ್ನು ಮನೆಗೆ ಬಿಡುವಾಗ, ಸಾಲುಮರಗಳ ರಸ್ತೆಯಲ್ಲಿ ಬಸ್ಸು ಮೆಲ್ಲಗೆ ಪಕ್ಕಕ್ಕೆ ವಾಲಿ, ಫುಟ್‌ಪಾತ್ ಹತ್ತಿ, ದೀಪದ ಕಂಬಕ್ಕೆ ಗುದ್ದಿ ನಿಂತಿತು. ದೊಡ್ಡ ಪೆಟ್ಟು ಯಾರಿಗೂ ಆಗಲಿಲ್ಲ. ಅವಳ ಮಗಳ ತುಟಿ ಒಡೆದಿತ್ತು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದ ತಮ್ಮ. ಶಾಲೆಯವರು ಒಪ್ಪಲಿಲ್ಲ. ಎಲ್ಲ ಪರೀಕ್ಷೆ ಮುಗಿಸಿ ಬಾ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದರು.

ಅವಳ ಜೊತೆಯ ಕೆಲಸದವಳು ರಜೆಯಲ್ಲಿದ್ದಳು. ಹಾಗಾಗಿ ಮಂಚದ ಮೇಲೆ ತಮ್ಮ, ಗುಂಡಿಯ ಮೇಲೆ ಅಕ್ಕ. ಕೊನೆಯ ತಂತಿ ಅಂಟಿಸುವಾಗ ಅವನು ಅವಳ ಕೈ ಹಿಡಿದ.

"ಅಕ್ಕಾ, ಆ ದೀಪ ಜೋರು ಮಾಡ್ಬೇಡ. ನಿಧಾನದಲ್ಲೇ ನಿಲ್ಸಿಬಿಡು."

"ಯಾಕೋ?"

"ಬಸ್ಸು ಬಿಟ್ರೆ ನಂಗೆ ಇನ್ನೇನು ಬರುತ್ತೆ ಹೇಳು? ಮನೇಲಿ ಎರಡು ಮಕ್ಕಳಿದಾವೆ. ನೀನು ಜೋರು ಮಾಡ್ಲಿಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಇವಳ ಮಾತಿನ ಮೇಲೆ ಡಾಕ್ಟರಿಗೆ ಅಷ್ಟು ನಂಬಿಕೆ. ದೀಪ ತೋರಿಸಿದೆ, ಏನೂ ಬರಲಿಲ್ಲ ಎಂದರೆ ಮುಗಿಯಿತು. ಒಡಹುಟ್ಟಿದವನು ಹಾಗೆ ಅಂಗಲಾಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. "ಆಯ್ತು, ಅಲ್ಲಾಡ್ದೆ ಮಲ್ಕೋ" ಎಂದಳು. ಹೌದು, ಮೋಸ ಮಾಡಲು ಒಪ್ಪಿಬಿಟ್ಟಳು.

ಕೋಣೆ ಕತ್ತಲು ಮಾಡಿ ದೀಪ ಹಚ್ಚಿದಳು. ತೀರ ನಿಧಾನದ ಮಿನುಗು, ಯಾರಿಗೂ ಏನೂ ಮಾಡದ್ದು. ಗೆರೆಗಳು ಸಾಧುವಾಗಿಯೇ ಇದ್ದವು. ಆದರೆ ಮಂಚದ ಮೇಲೆ ತಮ್ಮನ ಬಲಗೈ ತಾನೇ ತಾನಾಗಿ ಎದ್ದು, ಅಂಗೈ ಹೋಗಿ ಬಲಗಣ್ಣನ್ನು ಮುಚ್ಚಿತು.

ದೀಪದಕ್ಕ ಆ ಅಂಗೈಯನ್ನೇ ನೋಡಿದಳು. ಮಿನುಗುವ ಬೆಳಕಿಗೆ ಸಿಕ್ಕಿಕೊಂಡರೆ ಥಟ್ಟನೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ, ಎರಡೂ ಕಣ್ಣಿಂದ ಹೊಕ್ಕರೇ ಕಾಟ ಹೆಚ್ಚು, ಎಂದು ಈ ಕೋಣೆಗೆ ಬಂದ ಎಷ್ಟು ಜನರಿಗೆ ಅವಳು ತಾನೇ ಹೇಳಿಕೊಟ್ಟಿದ್ದಳು! ಮನೆಯಲ್ಲಿ ತಮ್ಮ ಅದನ್ನೇ ಮಾಡುವುದನ್ನು ಕಂಡಾಗ ಮಾತ್ರ ನಕ್ಕು ಹೆಸರಿಟ್ಟಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ದೀಪ ಆರಿಸಿದಳು. "ಯಾವಾಗಿಂದ ಗೊತ್ತೋ ನಿಂಗೆ?"

"ಚಿಕ್ಕೋನಿದ್ದಾಗಿಂದ. ಉದ್ದದ ಬೇಲಿ ಪಕ್ಕ ಬಿಸಿಲಲ್ಲಿ ಓಡಿದ್ರೆ ನಡುವೆ ಒಂಚೂರು ಅಳಿಸಿಹೋದ ಹಾಗೆ ಆಗೋದು. ಕಣ್ಣು ಮುಚ್ಕೊಂಡ್ರೆ ಸರಿಹೋಗೋದು. ಸಾಲುಮರದ ಹತ್ರಾನೂ ಅದೇ ಬೆಳಕು-ನೆರಳು. ದಿನಾ ಹಾಗೇ ಓಡಿಸ್ತೀನಿ, ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಕಣ್ಣಿನ ಮೇಲೆ."

"ಬಸ್ ತುಂಬ ಮಕ್ಕಳನ್ನ ಕೂರಿಸ್ಕೊಂಡು! ಬುದ್ಧಿ ಎಲ್ಲಿಟ್ಟಿದ್ದೆಯೋ?" ಕೂಗಬಾರದೆಂದು ಹಲ್ಲು ಕಚ್ಚಿದಳು. "ಮತ್ತೆ ಆವತ್ತೊಂದಿನ ಯಾಕೆ ಮುಚ್ಕೊಳ್ಳಲಿಲ್ಲ?"

ಅವನು ಗೋಡೆಯ ಕಡೆ ನೋಡಿದ. "ಬಿಡು ಅಕ್ಕಾ."

"ಹೇಳೋ."

"ನಿನ್ನ ಮಗಳು ಅಳ್ತಾ ಇದ್ಲು. ನಿಮ್ಮಾಮ ಒಕ್ಕಣ್ಣ ಅಂತ ಬಸ್ಸಲ್ಲಿ ಎಲ್ರೂ ರೇಗಿಸ್ತಾರಂತೆ. ಇವತ್ತೊಂದಿನ ಕೈ ತೆಗಿ ಮಾಮಾ ಅಂದ್ಲು. ತೆಗ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ತಮಾಷೆಗೆ ಇಟ್ಟ ಹೆಸರು ಮಗಳ ಬಾಯಿ ಹತ್ತಿ, ಬಸ್ಸು ಹತ್ತಿ, ಆ ಕಂಬದವರೆಗೂ ಹೋಗಿತ್ತು. ಅವಳಿಗೆ ಅಳು ಬಂತು, ನಾಚಿಕೆಯೂ ಬಂತು. ಅಳುತ್ತ ಕೂರುವ ಹೊತ್ತು ಅದಲ್ಲ. ಹೊರಗೆ ಹೋಗಿ ಪಕ್ಕದ ಕೋಣೆಯ ಡಾಕ್ಟರಿಗೆ ಬಾಗಿಲ ಬಳಿಯೇ ಇರಲು ಹೇಳಿ ಬಂದಳು.

"ಜೋರು ಮಾಡ್ತೀನಿ. ಕೈ ಕೆಳಗಿಡು."

"ಬಸ್ಸು ಹೋಗುತ್ತೆ ಅಕ್ಕಾ."

"ಮಾತ್ರೆ ಇದೆ, ಇದು ಹತೋಟಿಗೆ ಬರುತ್ತೆ. ಬಸ್ಸು ಸಿಗುತ್ತೋ ಇಲ್ವೋ ನಂಗೊತ್ತಿಲ್ಲ. ಸುಳ್ಳು ಹೇಳಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ತೂರಿಸಿ ಅದುಮಿಕೊಂಡ.

ನಿಧಾನ. ಬೇಗ. ಇನ್ನೂ ಬೇಗ. ಅವನ ತೋಳು ಅದುರಿತು, ಆದರೆ ಕೈ ಹೊರಗೆ ಬರಲಿಲ್ಲ. ಗೆರೆಗಳು ಒಮ್ಮೆಲೇ ಎದ್ದವು. ಅವಳ ಬೆರಳು ದೀಪ ಆರಿಸಿತು. ದೀಪ ಆರಿದರೂ ಗೆರೆಗಳು ಆರಲಿಲ್ಲ, ಪರದೆಯ ತುಂಬ ಅದೇ ಹಲ್ಲುಗಳು. ತಮ್ಮನ ರೆಪ್ಪೆಗಳು ಪಟಪಟನೆ ಬಡಿಯುತ್ತಿದ್ದವು.

"ಕೇಳಿಸ್ತಾ ಇದ್ಯೇನೋ? ನಾನು ಕಣೋ, ಅಕ್ಕ!"

ಉತ್ತರವಿಲ್ಲ. ಅಷ್ಟು ಹೊತ್ತು ಬಸ್ಸು ಎಷ್ಟು ದೂರ ಓಡೀತು ಎಂಬುದೊಂದೇ ಅವಳ ತಲೆಯಲ್ಲಿ. ಡಾಕ್ಟರು ಒಳಗೆ ಬರುವಷ್ಟರಲ್ಲಿ ಗೆರೆಗಳು ತಾವಾಗಿ ತಗ್ಗಿದವು.

ತಮ್ಮ ಕಣ್ಣು ಮಿಟುಕಿಸಿ ಅಕ್ಕನ ಕಡೆ ತಿರುಗಿದ. ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.

"ಹೂಂ ಅಕ್ಕಾ, ಕೈ ಕೆಳಗೇ ಇಟ್ಕೊಂಡಿದೀನಿ. ಇನ್ನೂ ಯಾಕೆ ಶುರು ಮಾಡ್ಲಿಲ್ಲ? ಜೋರು ಮಾಡು."