ಬ್ಲೇಡಿಗೆ ಸಿಕ್ಕ ಆಗಸ್ಟ್ ತಿಂಗಳ ಗಣ್ಯರು

ಹೋದ ರವಿವಾರ ಮುಂಜಾನೆ ಹತ್ತೂವರಿಗೆ ನಾನು ನಾಕು ಮಂದಿ ಗಣ್ಯರನ್ನ ಬ್ಲೇಡ್ ಹಿಡಕೊಂಡು ಕೊಯ್ದೆ.

(ಪೊಲೀಸರಿಗೆ ಫೋನ್ ಹಚ್ಚಬ್ಯಾಡ್ರಿ. ನಾಕೂ ಮಂದಿ ಅದಕ್ಕಿಂತ ಮೊದಲೇ ತೀರಿಕೊಂಡಿದ್ರು. ನಾ ಕೊಯ್ದಿದ್ದು ಅವರ ಫೋಟೋ ಇದ್ದ ಫ್ಲೆಕ್ಸ್.)

ಹಂಗ ನೋಡಿದ್ರ ಕೊಯ್ದಿದ್ದು ತಪ್ಪಲ್ಲ. ಅದು ತಪ್ಪಿನ ರಿಪೇರಿ. ಖರೇ ತಪ್ಪು ಮಾಡಿದ್ದು ಶನಿವಾರ, ಲ್ಯಾಪ್‌ಟಾಪ್ ಮುಂದ ಕುಂತು ಶೇಂಗಾ ತಿನ್ಕೋಂತ. ನನ್ನ ಜೀವನದ ದೊಡ್ಡ ತಪ್ಪುಗಳೆಲ್ಲಾ ಶೇಂಗಾ ತಿನ್ನೋ ಟೈಮಿಗೇ ಆಗ್ಯಾವ. ನಮ್ಮವ್ವ ಅಂತೂ, "ನಿನ್ನ ಹಡೆಯೋ ಹಿಂದಿನ ದಿನ ನಾನೂ ಒಂದು ಸೇರು ತಿಂದಿದ್ದೆ ನೋಡು" ಅಂತಾಳ.

ಇರ್ಲಿ. ಮೊದಲಿಂದ ಹೇಳ್ತೀನಿ.

ನಮ್ಮ ಸಿಂಧನೂರಾಗ ಮುಂಜಾನೆ ಕಾಲುವೆ ದಂಡಿ ಮ್ಯಾಲೆ ವಾಕಿಂಗ್ ಮಾಡೋ ಹಿರಿಯರ ಬಳಗ ಒಂದೈತಿ. ಎಲ್ಲಾರೂ ರಿಟೈರ್ ಆದವರು. ಅದರಾಗ ನಾನೂ ಒಬ್ಬ ಮೆಂಬರ್. ನನಗಿನ್ನೂ ಮೂವತ್ತಾಗಿಲ್ಲ, ನಾ ವಾಕಿಂಗೂ ಮಾಡಂಗಿಲ್ಲ. ಆದ್ರ ಪೇಪರಿಗೆ ಅಂಕಣ ಬರಿಯಾಕಂತ ನಾ ಇಟ್ಕೊಂಡ ಲ್ಯಾಪ್‌ಟಾಪ್ ಬಿಟ್ರ ಬಳಗದಾಗ ಇನ್ನೊಂದಿಲ್ಲ. ಇಷ್ಟು ಅರ್ಹತೆ ಸಾಲಂಗಿಲ್ಲೇನು?

ಈ ಬಳಗ ಪ್ರತಿ ತಿಂಗಳ ಕೊನೀ ರವಿವಾರ ಒಂದು ಕಾರ್ಯಕ್ರಮ ಮಾಡತೈತಿ. ಹೆಸರು, 'ಈ ತಿಂಗಳು ಅಗಲಿದ ಗಣ್ಯರು'. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ತಾಲೂಕಿನಾಗ ಆ ತಿಂಗಳು ಯಾರ್ಯಾರು ಹೋಗ್ಯಾರ ಅಂತ ಒಂದು ಬ್ಯಾನರ್. ಅದಕ್ಕ ಹೂವು. ಒಬ್ಬೊಬ್ಬರ ಮ್ಯಾಲೆ ಎರಡು ಮಾತು. ಆಮ್ಯಾಲೆ ಉಪ್ಪಿಟ್ಟು. ಮೆಂಬರ್‌ಗಳೆಲ್ಲಾ ಬಂದ ಕೂಡ್ಲೇ ಕನ್ನಡಕ ಹಾಕ್ಕೊಂಡು ಬ್ಯಾನರ್ ಓದ್ತಾರ. ತಮ್ಮ ಹೆಸರು ಇಲ್ಲ ಅಂತ ಖಾತ್ರಿ ಆದಮ್ಯಾಲೆ ಆರಾಮ ಕುಂತು ಎರಡೆರಡು ಪ್ಲೇಟ್ ಉಪ್ಪಿಟ್ಟು ಹೊಡೀತಾರ.

ಗಣ್ಯರು ಅಂದ್ರ ಯಾರು? ಇದಕ್ಕ ನಮ್ಮ ಅಧ್ಯಕ್ಷರು, ಅವರು ರಿಟೈರ್ಡ್ ಹೆಡ್‌ಮಾಸ್ತರ್, ಒಂದು ರೂಲ್ ಮಾಡ್ಯಾರ. "ಯಾರು ಸತ್ತ ಸುದ್ದಿ ಕೇಳಿ ಮೂರು ಊರಿನ ಮಂದಿ ಕುಡಿಯೋ ಚಹಾ ಅರ್ಧಕ್ಕ ನಿಲ್ಲಿಸ್ತಾರೋ, ಅವರು ಗಣ್ಯರು." ಆ ಲೆಕ್ಕದಾಗ ನಾ ಸತ್ರ ಯಾವ ಊರಾಗೂ ಚಹಾ ಆರಂಗಿಲ್ಲ ಬಿಡ್ರಿ.

ಈ ಆಗಸ್ಟಿನಾಗ ಹಂಗ ಚಹಾ ನಿಲ್ಲೋವಂಗ ಮಾಡಿದವರು ನಾಕು ಮಂದಿ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಡಾಕ್ಟರ್ ಒಬ್ಬರು, ಅರ್ಧ ತಾಲೂಕಿನ ಸಣ್ಣ ಹುಡುಗರಿಗೆ ಸೂಜಿ ಮಾಡಿದವರು. ಲಿಂಗಸುಗೂರಿನ ಹಾರ್ಮೋನಿಯಂ ಮಾಸ್ತರ್ ಒಬ್ಬರು. ಇವರಿಬ್ಬರದು ಏನೂ ತಕರಾರಿಲ್ಲ. ತಕರಾರೆಲ್ಲಾ ಉಳಿದ ಇಬ್ಬರದು.

ಒಬ್ಬರು ತೂಬಿನ ಗೌಡ್ರು. ಉಪಕಾಲುವೆ ಶುರು ಆಗೋದೇ ಅವರ ಹೊಲದ ಬಾಜೂಕ. ತೂಬು ಎತ್ತಿದ್ರ ನೀರು ಮೊದಲು ಅವರ ಗದ್ದಿಗೆ. ಇನ್ನೊಬ್ಬರು ಬಳಗಾನೂರಿನ ಆಕಡಿ ಹಳ್ಳಿಯ ಹನುಮಂತಪ್ಪ. ಅದೇ ಉಪಕಾಲುವೆ ಕೊನೀಗೆ ಅವರ ಹೊಲ. ಅದಕ್ಕ ನಾವು ಟೇಲೆಂಡ್ ಅಂತೀವಿ. ಗೌಡ್ರ ಹತ್ರ ಆನೆ ಮುಳುಗೋವಷ್ಟು ಇದ್ದ ನೀರು ಹನುಮಂತಪ್ಪನ ಹೊಲ ಮುಟ್ಟೋವಷ್ಟರಾಗ ತೀರ್ಥ ಆಗಿರ್ತಿತ್ತು. ಕಣ್ಣಿಗೆ ಹಚ್ಕೊಂಡು ತಲಿ ಮ್ಯಾಲೆ ಚಿಮುಕಿಸ್ಕೋಬೇಕು, ಅಷ್ಟ.

ಹನುಮಂತಪ್ಪ ಸುಮ್ನೆ ಕುಂಡ್ರೋ ಆಸಾಮಿ ಅಲ್ಲ. ಟೇಲೆಂಡ್ ರೈತರನ್ನೆಲ್ಲಾ ಕೂಡಿಸಿ ಸಿಂಧನೂರಾಗ ಧರಣಿ, ಮಸ್ಕಿಯೊಳಗ ರಸ್ತಾ ಬಂದ್. ಆಯುಷ್ಯ ಪೂರ್ತಿ ಒಂದೇ ಮಾತು: "ಕೊನೀ ಹೊಲಕ್ಕ ನೀರು ಮುಟ್ಟಿಲ್ಲ." ಆತನ ದನಿ ಎಂಥಾದ್ದಂದ್ರ, ಮೈಕ್ ಕೊಟ್ರ ಮೈಕೇ ಹಿಂದಕ್ಕ ಸರೀತಿತ್ತು. ಗೌಡ್ರಿಗೂ ಆತಗೂ ಮಾತಿಲ್ಲ. ಒಬ್ಬರು ಹತ್ತಿದ ಬಸ್ಸಿಗೆ ಇನ್ನೊಬ್ಬರು ಹತ್ತಂಗಿಲ್ಲ. ಅಂಥವರಿಬ್ಬರು ಒಂದೇ ತಿಂಗಳಾಗ, ವಾರ ಹೆಚ್ಚುಕಮ್ಮಿ, ಹೋಗಿಬಿಟ್ರು. ಆ ಯಮನಿಗೇನು ಗೊತ್ತು ನಮ್ಮ ಕಾಲುವೆ ರಾಜಕೀಯ?

ಯಮನಿಗೆ ಗೊತ್ತಿಲ್ಲ, ನಡೀತೈತಿ. ನನಗ ಗೊತ್ತಿರಬೇಕಿತ್ತು.

ಬ್ಯಾನರ್ ಉದ್ದಕ್ಕ ಇತ್ತು. ನಾಕು ಫೋಟೋ ಒಂದರ ಕೆಳಗ ಒಂದು. ಯಾರನ್ನ ಮ್ಯಾಲೆ ಹಾಕೋದು, ಯಾರನ್ನ ಕೆಳಗ? ಬುದ್ಧಿ ಇದ್ದವರು ತಾರೀಖು ನೋಡ್ತಾರ, ವಯಸ್ಸು ನೋಡ್ತಾರ. ನಾ ನೋಡಿದ್ದು ಫೋಟೋ ಕ್ಲಿಯರ್ ಐತೋ ಇಲ್ಲೋ ಅಂತ.

ತೂಬಿನ ಗೌಡ್ರದು ಸ್ಟುಡಿಯೋ ಫೋಟೋ. ಮೀಸಿಯ ಒಂದೊಂದು ಕೂದಲಾ ಎಣಿಸಬಹುದು. ಡಾಕ್ಟರ್‌ದು, ಮಾಸ್ತರ್‌ದು ನಡುಮಧ್ಯ. ಹನುಮಂತಪ್ಪನದು ಯಾವುದೋ ಧರಣಿಯ ಗ್ರೂಪ್ ಫೋಟೋದಾಗಿಂದ ಕತ್ತರಿಸಿದ್ದು. ಪೂರ್ತಿ ಮಸುಕು, ಬಾಯಿ ಅಗಲ ತೆಗೆದಿತ್ತು, ಕಿವಿ ಹತ್ರ ಬ್ಯಾರೆ ಯಾರದೋ ಮುಷ್ಟಿ. ಕ್ಲಿಯರ್ ಇದ್ದದ್ದು ಮ್ಯಾಲೆ, ಮಸುಕು ಇದ್ದದ್ದು ಕೆಳಗ, ಯಾರ ಕಣ್ಣಿಗೂ ಬೀಳಬಾರದು ಅಂತ. ನೋಡ್ರಿ ನನ್ನ ಡಿಸೈನ್ ಸೆನ್ಸ್.

ರವಿವಾರ ಮುಂಜಾನೆ ಒಂಬತ್ತಕ್ಕ ಬ್ಯಾನರ್ ಕಾರ್ಯಕ್ರಮದ ಹಾಲ್‌ನಾಗ ಕಟ್ಟಿ, ಫೋಟೋ ಹೊಡದು, ಸತ್ತವರ ಮನಿ ಮಂದೀನೂ ಇದ್ದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಐದು ನಿಮಿಷಕ್ಕ ಫೋನ್ ಬಂತು. ಹನುಮಂತಪ್ಪನ ಮಗಳು, ಮಸ್ಕಿಯೊಳಗ ಟೀಚರ್ ಇರೋ ಸುಜಾತಾ.

"ರೀ ಅಂಕಣದವರೇ, ನಮ್ಮಪ್ಪ ಸತ್ತಮ್ಯಾಲೂ ಟೇಲೆಂಡಿಗೇ ಏನ್ರಿ?"

ನನಗ ಅರ್ಥ ಆಗಲಿಲ್ಲ. ಬ್ಯಾನರ್ ಕಡೆ ತಿರುಗಿ ನೋಡಿದೆ. ಮ್ಯಾಲೆ ತೂಬಿನ ಗೌಡ್ರು. ಕಟ್ಟಕಡೀಗೆ ಹನುಮಂತಪ್ಪ. ಕಾಲುವೆ ಹೆಂಗ ಹರೀತೈತೋ ಹಂಗೇ ಕುಂಡ್ರಿಸಿಬಿಟ್ಟಿದ್ದೆ.

"ಟೀಚರ್, ಅದು ಫೋಟೋ ಕ್ವಾಲಿಟಿ ಮ್ಯಾಲೆ..." ಅಂದೆ.

"ನೀವೇನು ಮಾರ್ಕ್ಸ್ ಕೊಡಾಕತ್ತೀರೇನು?" ಅಂದ್ರು. ಆಮ್ಯಾಲೆ ದನಿ ಸಣ್ಣದು ಮಾಡಿದ್ರು. "ನೋಡ್ರಿ, ಅಪ್ಪ ಹೋದಮ್ಯಾಲೆ ನಮ್ಮವ್ವ ಹೊಸ್ತಿಲ ದಾಟಿಲ್ಲ. ಇವತ್ತು ಮೊದಲ ಸಲ ಹೊರಗ ಕರಕೊಂಡು ಬಂದೀನಿ. ಬಳಗಾನೂರು ಬಸ್‌ಸ್ಟ್ಯಾಂಡಿನ್ಯಾಗ ನಿಂತೀವಿ. ಅಕಿಗೆ ಓದಾಕ ಬರಂಗಿಲ್ಲ. ಆದ್ರ ಮ್ಯಾಲೆ ಯಾವುದು, ಕೆಳಗ ಯಾವುದು ಅಂತ ಗೊತ್ತಾಗತೈತಿ. ಅಪ್ಪ ಆ ಗೌಡ್ರ ಕೆಳಗ ಇದ್ರ, ಬಾಗಿಲದಾಗಿಂದನೇ ವಾಪಸ್ ಕರಕೊಂಡು ಹೋಗ್ತೀನಿ."

ನನ್ನ ಬಾಯಾಗಿನ ಶೇಂಗಾ ಅಲ್ಲೇ ನಿಂತು ಹೋತು. ಒಬ್ಬ ಮುದುಕಿ ಗಂಡನ್ನ ಕಳಕೊಂಡು ಮೊದಲ ಸಲ ಹೊರಗ ಬರಾಕತ್ತಾಳ. ಅಕಿ ಕಣ್ಣಿಗೆ ಬೀಳೋದು ಇದಾ?

ಫ್ಲೆಕ್ಸ್ ಅಂಗಡಿ ಮೌಲಾ ಭಾಯ್ ಕಡೆ ಓಡಿದೆ. "ಹೊಸಾದು ಹೊಡಕೊಡು ಭಾಯ್."

"ಕರೆಂಟ್ ಇಲ್ಲ ಜನಾಬ್. ಮಧ್ಯಾಹ್ನ ಎರಡಕ್ಕ ಬರತೈತಿ."

"ಕಾರ್ಯಕ್ರಮ ಹನ್ನೊಂದಕ್ಕೈತಿ."

"ಹಂಗಾದ್ರ ಮುಂದಿನ ತಿಂಗಳ ಹೊಡೀತೀನಿ. ಹೆಂಗೂ ಸತ್ತವರು, ಎಲ್ಲಿಗೆ ಹೋಗ್ತಾರ?"

ಆದ್ರ ಮೌಲಾ ಭಾಯ್ ಒಳ್ಳೇವ. ಏಣಿ ತಗೊಂಡು ನನ್ನ ಸಂಗಾಟ ಬಂದ. ಇಬ್ಬರೂ ಬ್ಯಾನರ್ ಮುಂದ ನಿಂತು ವಿಚಾರ ಮಾಡಿದ್ವಿ. ಉಲ್ಟಾ ಕಟ್ಟಿದ್ರ? ಹನುಮಂತಪ್ಪ ಮ್ಯಾಲೆ ಬರ್ತಾನ ಖರೇ, ಆದ್ರ ನಾಕೂ ಮಂದಿ ಬಾವಲಿ ಹಂಗ ನೇತಾಡ್ತಾರ. ಬ್ಯಾಡ.

ಆವಾಗ ನನಗ ಹೊಳೀತು. ಅಡ್ಡ ಕಟ್ಟಿದ್ರ?

ಅಡ್ಡ ಕಟ್ಟಿದ್ರ ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ. ಎಲ್ಲಾರೂ ಒಂದೇ ಲೆವೆಲ್. ಮಲಗಿದಂಗ ಕಾಣ್ತಾರ, ಅಷ್ಟ. ಸತ್ತವರು ಮಲಗದ ಓಡಾಡ್ತಾರೇನು? ಕಟ್ಟೇ ಬಿಟ್ವಿ. ಸಾವು ಎಲ್ಲಾರನ್ನೂ ಸಮ ಮಾಡತೈತಿ ಅಂತ ದೊಡ್ಡವರು ಹೇಳ್ತಾರಲ್ಲ, ಹೇಳಿದವರು ಯಾರೂ ಬ್ಯಾನರ್ ಹೊಡಿಸಿಲ್ಲ.

ಹೆಡ್‌ಮಾಸ್ತರ್ ಬಂದ್ರು. ಅವರಿಗೆ ಕುತಿಗಿ ನೋವು. ತಲಿ ಹೊಳ್ಳಿಸಿ ಓದಾಕ ಹೋಗಿ, ಹೊಳ್ಳಿಸಿದ ತಲಿ ತಿರುಗಿ ಬರಲಿಲ್ಲ. ಮುಂದ ಕಾರ್ಯಕ್ರಮ ಮುಗಿಯೋತನಕ ಅವರು ಎಡಗಡೆಯವರ ಸಂಗಾಟ ಅಷ್ಟ ಮಾತಾಡಿದ್ರು.

ಅವರ ಹಿಂದೇ ತೂಬಿನ ಗೌಡ್ರ ಮಗ ಸಣ್ಣ ಗೌಡ ಬಂದ. ಬ್ಯಾನರ್ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮ್ಯಾಲೆ ನಕ್ಕ.

"ಛಲೋ ಮಾಡೀರಿ ಬಿಡ್ರಿ. ನಮ್ಮಪ್ಪ ಆ ತುದೀಗೆ ಮಲಗ್ಯಾನ. ಉಳಿದವರು ಸಾಲಾಗಿ ಅವನ ಕಾಲಿನ ಕಡೆ ತಲಿ ಇಟ್ಟಾರ. ಉದ್ದಕ್ಕ ಬಿದ್ದು ದೀಡ ನಮಸ್ಕಾರ ಹಾಕಿದಂಗ ಐತಿ. ಯೋಗ್ಯ ಐತಿ."

ಎದಿತನಕ ಫೋಟೋ, ಕಾಲು ಎಲ್ಲಿ ಅದಾವು ಅಂತ ಕೇಳಬೇಕಂತ ಮಾಡಿದೆ. ಆದ್ರ ಎದಿ ಕೆಳಗ ಇರೋದು ಕಾಲೇ ಅಲ್ಲೇನ್ರಿ? ಬ್ಯಾನರ್ ಎಡಕ್ಕ ತಿರುವಿದ್ರೂ ಅದೇ, ಬಲಕ್ಕ ತಿರುವಿದ್ರೂ ಅದೇ. ಮೊದಲು ಹನುಮಂತಪ್ಪ ಗೌಡ್ರ ಕೆಳಗ ಅಷ್ಟ ಇದ್ದ. ಈಗ ನಾನೇ ಮುಂದ ನಿಂತು ಕಾಲಿಗೆ ಬೀಳಿಸಿದ್ದೆ.

ಟೈಮ್ ಹತ್ತೂವರಿ. ಬ್ಲೇಡ್ ಹೊರಗ ಬಂತು.

ನಾಕು ತುಂಡು ಮಾಡಿದೆ. (ಮಾಸ್ತರ್ ನೆತ್ತಿ ಸ್ವಲ್ಪ ಹೋತು. ಡಾಕ್ಟರ್ ಎದಿ ಕೆಳಗ ಅದು ಈಗಲೂ ಐತಿ.) ಗ್ವಾಡಿಗೆ ಸಾಲಾಗಿ ನಾಕು ಮೊಳಿ ಹೊಡದ್ವಿ. ಎಡಗಡೆ ಮೊದಲು ಹನುಮಂತಪ್ಪ, ಆಮ್ಯಾಲೆ ಮಾಸ್ತರ್, ಡಾಕ್ಟರ್, ಬಲಗಡೆ ಕೊನೀಗೆ ತೂಬಿನ ಗೌಡ್ರು.

ಸಣ್ಣ ಗೌಡನ ಮೀಸಿ ಎದ್ದು ನಿಂತ್ವು. "ನಮ್ಮಪ್ಪ ಕೊನೀಗೇನು?"

ನಾ ಬೆವರು ಒರೆಸ್ಕೊಳ್ಳಾಕತ್ತಿದ್ದೆ. ಮೌಲಾ ಭಾಯ್ ಏಣಿ ಮ್ಯಾಲಿಂದ ಆರಾಮ ಕೇಳಿದ. "ಸಣ್ಣ ಗೌಡ್ರೇ, ನಿಮ್ಮ ಹೊಲದ ಹಳೇ ಕಾಗದ ಯಾವ ಭಾಷೆದಾಗ ಅದಾವು?"

"ಉರ್ದು. ನಿಜಾಮರ ಕಾಲದ್ದು."

"ಉರ್ದು ಯಾವ ಕಡಿಯಿಂದ ಓದ್ತಾರ?"

"ಬಲಗಡಿಯಿಂದ."

"ಮತ್ತ? ಖಾನದಾನಿ ಮಂದಿಗೆ ಬಲಗಡಿಯಿಂದನೇ ಲೆಕ್ಕ. ನಿಮ್ಮಪ್ಪಾಜಿ ಅವ್ವಲ್ ನಂಬರ್."

ಸಣ್ಣ ಗೌಡ ಬಲಗಡಿಯಿಂದ ಎಣಿಸಿದ. ಒಂದು, ಎರಡು, ಮೂರು, ನಾಕು. ಮೀಸಿ ಇಳದ್ವು. ಮೌಲಾ ಭಾಯ್‌ನ ಯುದ್ಧ ನಿಲ್ಲಿಸಾಕ ಕಳಿಸಬೇಕು, ಇಲ್ಲಿ ಫ್ಲೆಕ್ಸ್ ಹೊಡಕೋಂತ ಕುಂತಾನ.

ಹನ್ನೊಂದಕ್ಕ ಸುಜಾತಾ ಟೀಚರ್ ಅವ್ವನ ಕೈ ಹಿಡಕೊಂಡು ಬಂದ್ರು. ದುರ್ಗಮ್ಮ. ಸಣ್ಣ ಜೀವ. ನಾಟಿ ಮಾಡಿ ಮಾಡಿ ನಡ ಬಗ್ಗಿತ್ತು. ಬಾಗಿಲದಾಗ ನಿಂತು ಗ್ವಾಡಿ ನೋಡಿದಳು. ಟೀಚರ್ ಅಕಿ ಕಿವಿಯಾಗ ಅಂದ್ರು, "ನೋಡವ್ವ, ಅಪ್ಪ ಮೊದಲನೇದು." ದುರ್ಗಮ್ಮ ಹೂಂ ಅಂದಳು. ಒಳಗ ಬಂದು ಕುಂತಳು. ಟೀಚರ್ ನನ್ನ ಕಡೆ ನೋಡಿ ನಕ್ರು. ನಾ ಕಾಲರ್ ಸರಿ ಮಾಡ್ಕೊಂಡೆ.

ಆಮ್ಯಾಲೆ ಹೂವು.

ಎಡಗಡಿಯಿಂದ ಶುರು ಮಾಡಿದ್ರು. ಹನುಮಂತಪ್ಪನ ಫೋಟೋಕ್ಕ ಒಬ್ಬೊಬ್ಬ ಮೆಂಬರ್ ಒಂದೊಂದು ಬೊಗಸಿ. ಅಲ್ಲಿ ಸೇವಂತಿಗೆ ರಾಶಿ ಬಿತ್ತು. ಮಾಸ್ತರ್‌ಗೆ ಒಂದೊಂದು ಮುಟಿಗಿ. ಡಾಕ್ಟರ್‌ಗೆ ನಾಕು ಎಸಳು. ತೂಬಿನ ಗೌಡ್ರ ಹತ್ರ ಬರೋವಷ್ಟರಾಗ ಹೂವಿನ ತಟ್ಟಿ ಖಾಲಿ. ಕೊನೀ ಮೆಂಬರ್ ತಟ್ಟಿ ಜಾಡಿಸಿದ್ರು. ಒಂದು ದಂಟು ಬಿತ್ತು.

ಎಷ್ಟು ಹೂವು ಬೇಕು ಅಂತ ಲೆಕ್ಕ ಹಾಕೋ ಜವಾಬ್ದಾರಿ ಯಾರದು? ಯಾರದಿರತೈತಿ ಹೇಳ್ರಿ.

ಎಲ್ಲಾರೂ ಕೈ ಮುಗದು ಬಂದು ಕುಂತ್ರು. ಯಾರೂ ಗಮನಿಸಲಿಲ್ಲ. ಗಮನಿಸಿದವರು ಉಪ್ಪಿಟ್ಟಿನ ವಾಸನಿ ಬಂತಂತ ಸುಮ್ನಾದ್ರು. ಸಣ್ಣ ಗೌಡ ಒಬ್ಬ ಅಪ್ಪನ ಫೋಟೋ ನೋಡಾಕತ್ತಿದ್ದ. ಬಾಯಿ ತೆರೀತಿದ್ದ, ಮುಚ್ಚತಿದ್ದ. ನಾ ಸಿಟ್ಟು ಬರತೈತಿ ಅಂತ ಕಾದೆ, ಬರಲಿಲ್ಲ. ಪಾಪ, ಆತಗ ರೂಢಿ ಇಲ್ಲ ನೋಡ್ರಿ. ಮೂರು ತಲಿಮಾರಿನಿಂದ ಅವರ ಮನಿಗೆ ಎಲ್ಲಾ ಮೊದಲೇ ಮುಟ್ಟೈತಿ. ಮುಟ್ಟದಿದ್ರ ಹೆಂಗ ಕೇಳಬೇಕು ಅಂತ ಆ ಮನಿಯಾಗ ಯಾರೂ ಕಲಿಸಿಲ್ಲ.

ಆವಾಗ ದುರ್ಗಮ್ಮ ಎದ್ದಳು. ಗಂಡನ ಫೋಟೋ ಹತ್ರ ಹೋಗಿ, ಆ ರಾಶಿಯೊಳಗಿಂದ ಉಡಿ ತುಂಬ ಹೂವು ಬಳಕೊಂಡಳು. ಟೀಚರ್ "ಅವ್ವ, ಏನ್ ಮಾಡಾಕತ್ತೀ?" ಅಂದ್ರು. ಅಕಿ ಕೇಳಿಸ್ಕೊಳ್ಳಲಿಲ್ಲ. ಬಗ್ಗಿದ ನಡದಾಗೇ ಸಾಲಿನ ಆ ತುದಿತನಕ ನಡಕೋಂತ ಹೋಗಿ ಗೌಡ್ರ ಮುಂದ ಉಡಿ ಸುರುವಿದಳು. ಸಣ್ಣ ಗೌಡ ಎದ್ದು ನಿಂತ. ಏನ್ ಮಾಡಬೇಕು ತಿಳೀಲಾರದ ಅಕಿಗೆ ಕುರ್ಚಿ ತಂದುಕೊಟ್ಟ. ಅಕಿ ಕುಂಡ್ರಲಿಲ್ಲ.

ನಾನು ಕಳ್ಳನಂಗ ಬಾಗಿಲ ಹತ್ರ ನಿಂತಿದ್ದೆ. ಹೋಗೋವಾಗ ದುರ್ಗಮ್ಮ ನನ್ನ ಮುಂದ ನಿಂತಳು. ಕತ್ತರಿಸಿದ್ದು ನಾನೇ ಅಂತ ಯಾರು ಹೇಳಿದ್ರೋ.

"ಒಳ್ಳೇ ಮನಸ್ಸಿಂದನೇ ಮಾಡೀದಿ ತಮ್ಮಾ. ಆದ್ರ ನಮ್ಮನಿಯವನ್ನ ಕೊನೀಗೇ ಬಿಡಬೇಕಿತ್ತು ನೋಡು. ಅವ ಅಲ್ಲಿ ಇದ್ದಿದ್ರ, ಹೂವು ಮುಟ್ಟಿಲ್ಲ ಅಂತ ಒದರಾಕ ಒಬ್ಬನಾದ್ರೂ ಇರ್ತಿದ್ದ."