ಹಿಂದಿನ ಸೀಟಿನ ಕಿವಿ

ಪ್ರೇಮಮ್ಮ ಅಂದು ಟ್ರಂಕಿನಿಂದ ತಿಳಿಹಸಿರು ರೇಷ್ಮೆ ಸೀರೆ ತೆಗೆದು ಉಟ್ಟು ತನ್ನ ಮನೆಯ ಹೊಸಲಿನ ಒಳಗೇ ನಿಂತಿದ್ದಳು. ಎದುರಿಗೆ ಅವಳದೇ ವ್ಯಾನು ಮದುವೆಗೆ ಸಿಂಗಾರವಾಗಿತ್ತು. ಪಕ್ಕದ ಮನೆಯ ದುರ್ಗಮ್ಮನ ಮಗಳು ಶೀಲಾಳ ದಿಬ್ಬಣ ಭದ್ರಾವತಿಯಿಂದ ಶಿವಮೊಗ್ಗದ ಛತ್ರಕ್ಕೆ ಹೊರಡಬೇಕು. ಸಂಜೆ ವರಪೂಜೆ. ಗಂಡ ಸತ್ತವಳು ಮದುಮಗಳಿಗೆ ಎದುರಾಗಬಾರದು ಎಂದು ಯಾರೂ ಪ್ರೇಮಮ್ಮನಿಗೆ ಹೇಳಿರಲಿಲ್ಲ. ಅದು ಹೇಳಿಸಿಕೊಂಡು ತಿಳಿಯುವ ಮಾತೂ ಅಲ್ಲ.

ಆದರೆ ಶೀಲಾ ವಾರದ ಹಿಂದೆ ಬಂದು ಕೈ ಹಿಡಿದುಕೊಂಡಿದ್ದಳು. "ಪ್ರೇಮತ್ತೆ, ನಮ್ಮಮ್ಮ ಮದುವೆಗೆ ಹೋಗಿದ್ದು ಇದೇ ವ್ಯಾನಲ್ಲಂತೆ. ನಾನೂ ಅದ್ರಲ್ಲೇ ಹೋಗೋದು. ನೀವು ನಿಮ್ಮ ಸೀಟಲ್ಲೇ ಕೂತ್ಕೋಬೇಕು."

ಆ ಮಾತಿಗೇ ರೇಷ್ಮೆ ಸೀರೆ ಹೊರಬಂದಿತ್ತು.

'ನಿಮ್ಮ ಸೀಟು' ಎಂದರೆ ಕಟ್ಟಕಡೆಯ ಸೀಟು, ಎಂಜಿನ್ನಿನ ನೆತ್ತಿಯ ಹತ್ತಿರ. ಕಾರ್ಖಾನೆಗೆ ಬಂದಿದ್ದ ಜರ್ಮನಿಯ ಇಂಜಿನಿಯರೊಬ್ಬ ಊರಿಗೆ ಮರಳುವಾಗ ತನ್ನ ಡ್ರೈವರ್, ಪ್ರೇಮಮ್ಮನ ಗಂಡ ಪುಟ್ಟಯ್ಯನಿಗೆ ಬಿಟ್ಟುಹೋದ ಗಾಡಿ ಅದು. ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲವೇ ಇಲ್ಲ. ನೀರು ಕೇಳದೆ, ಬರೀ ಗಾಳಿ ಕುಡಿದು ತಂಪಾಗುವ ಜೀವ. ಪುಟ್ಟಯ್ಯನಿಗೋ ಎಂಜಿನ್ ಹಿಂದಿದ್ದುದೇ ಕಷ್ಟ. ಮೊದಲು ಕಾರ್ಖಾನೆಯೊಳಗೆ ಕಬ್ಬಿಣ ಬಡಿದು ಬಡಿದು ಅವನ ಕಿವಿ ಮಂದವಾಗಿತ್ತು. ಅದಕ್ಕೇ ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದ. ಗಾಡಿ ಏರಿನಲ್ಲಿ ಏದುಸಿರು ಬಿಟ್ಟರೆ ಅವಳು "ಇಳಿಸ್ರೀ" ಎಂದು ಕೂಗುವಳು, ಅವನು ಗೇರು ಇಳಿಸುವನು. ಹಾಗೆ ಊರಿನ ಎಷ್ಟೋ ಮದುವಣಗಿತ್ತಿಯರು ದಡ ಸೇರಿದ್ದರು. ಪುಟ್ಟಯ್ಯ ಹೋದ ಮೇಲೆ ಆ ಸೀಟಿನಲ್ಲಿ ಅವಳು ಕೂತಿಲ್ಲ.

ಹೊರಗೆ ಸ್ಟಾರ್ಟರ್ ಗರಗರ ತಿರುಗಿತು. ನಿಂತಿತು. ಮತ್ತೆ ತಿರುಗಿತು. ಡ್ರೈವರ್ ಸೀಟಿನಲ್ಲಿದ್ದವನು ಶೀಲಾಳ ಸೋದರಮಾವ ಹಾಲೇಶ್. ಸಿಟಿ ಬಸ್ ಓಡಿಸುವವನು.

"ಏನಾಯ್ತೋ?" ದುರ್ಗಮ್ಮ ಕೇಳಿದಳು.

"ನೆನ್ನೆ ಚೆನ್ನಾಗೇ ಓಡ್ತಲ್ಲಕ್ಕ! ಬಿಸಿಯಾಗಿರ್ಬೇಕು. ನೀರು ಹಾಕಣ ಅಂದ್ರೆ ಇದ್ರ ಬಾಯೇ ಕಾಣ್ತಿಲ್ಲ."

"ಸ್ಟಾರ್ಟೇ ಆಗ್ದಿರೋದು ಬಿಸಿ ಹೆಂಗಾಗುತ್ತೋ ಮಾರಾಯ? ಬಸ್ಸನ್ನೂ ಹಿಂಗೇ ಓಡಿಸ್ತೀಯ?"

ನೆಂಟರು ನಕ್ಕರು. ನಾಲ್ಕು ಜನ ತಳ್ಳಿದರು. ವ್ಯಾನು ಬೀದಿಯ ಕೊನೆಯವರೆಗೆ ಉರುಳಿ, ಮೂಕವಾಗಿ ವಾಪಸು ಬಂತು. ರಾಹುಕಾಲ ಹತ್ತಿರವಾಗುತ್ತಿತ್ತು.

ಒಳಗೆ ಪ್ರೇಮಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿದೆ, ಬ್ಯಾಟರಿ ಸರಿಯಿದೆ. ಪೆಟ್ರೋಲಿನ ವಾಸನೆ ಹೊಸಲಿನವರೆಗೂ ಬರುತ್ತಿದೆ, ಪೆಟ್ರೋಲಿಗೂ ಕೊರತೆಯಿಲ್ಲ. ಒಮ್ಮೆಯೂ ಕೆಮ್ಮುತ್ತಿಲ್ಲ ಎಂದರೆ ಕಿಡಿಯೇ ಹಾರುತ್ತಿಲ್ಲ.

ಕೊನೆಗೆ ದುರ್ಗಮ್ಮನೇ ಬಂದು ಹೊಸಲಾಚೆ ನಿಂತಳು. "ಬಾ ಪ್ರೇಮಕ್ಕ. ಶಾಸ್ತ್ರ ಗೀಸ್ತ್ರ ಆಮೇಲೆ ನೋಡ್ಕೊಳ್ಳಣ."

ಪ್ರೇಮಮ್ಮ ಹೊಸಲು ದಾಟಿದಳು. ಹಿಂದಿನ ಮುಚ್ಚಳ ಎತ್ತಿದರೆ ಎಂಜಿನ್ನಿನ ಮೇಲೆಲ್ಲ ಅರಿಶಿನದ ನೀರು.

"ಯಾರವ್ವ ಇದಕ್ಕೆ ಸ್ನಾನ ಮಾಡ್ಸಿದ್ದು?"

"ನಾನೇ," ದುರ್ಗಮ್ಮ ಅಂದಳು. "ಮಗಳಿಗೆ ಅರಿಶಿನ ಹಚ್ಚಿ ನೀರು ಹಾಕಿದ್ವಲ್ಲ, ಉಳಿದಿತ್ತು. ಮದುಮಗಳು ಹತ್ತೋ ಗಾಡಿ, ಇದಕ್ಕೂ ಆಗ್ಲಿ ಅಂತ ಒಂದ್ ಕೊಡ ಹುಯ್ದೆ."

"ನೆಗಡಿ ಬಂದೈತೆ ಪಾಪ, ಇದಕ್ಕೆ."

ಪ್ಲಗ್ಗುಗಳಿಗೆ ಕರೆಂಟು ಹಂಚುವ ಕಪ್ಪು ಬಟ್ಟಲಿನ ಮುಚ್ಚಳ ಬಿಚ್ಚಿಸಿದಳು. ಒಳಗೆ ಹಳದಿ ಹನಿಗಳು. ಒಣ ಬಟ್ಟೆಗೆ ಯಾರೋ ಓಡುವಷ್ಟರಲ್ಲಿ ರೇಷ್ಮೆ ಸೆರಗಿನಿಂದಲೇ ಒರೆಸಿ, ಬಾಯಿಂದ ಊದಿ, ಮತ್ತೆ ಒರೆಸಿದಳು. ಎಂಜಿನ್ನಿಗೆ ಗಾಳಿ ಹೋಗುವ ಪಕ್ಕದ ಕಂಡಿಗಳಿಗೆ ಸಿಕ್ಕಿಸಿದ್ದ ಮಾವಿನ ಸೊಪ್ಪನ್ನೂ ಕಿತ್ತಳು.

"ಅದು ಮಂಗಳಕ್ಕೆ ಕಟ್ಟಿದ್ದು ಅಕ್ಕ," ಹಾಲೇಶ್ ಅಂದ.

"ಇದು ಅದರ ಮೂಗಪ್ಪ. ನಿನ್ ಮೂಗಿಗೆ ಸೊಪ್ಪು ತುರುಕಲಾ? ಈಗ ಸ್ವಲ್ಪ ಸುಮ್ನಿರು, ಪೆಟ್ರೋಲ್ ಜಾಸ್ತಿ ಕುಡಿದೈತೆ, ಆರ್ಲಿ. ಆಮೇಲೆ ಎಕ್ಸಲೇಟರ್ ಪೂರ್ತಿ ಒತ್ತಿ ಹಿಡ್ಕೊಂಡು ತಿರುಗ್ಸು."

ಸ್ವಲ್ಪ ಹೊತ್ತು ಕಾದು ಹಾಲೇಶ್ ತಿರುಗಿಸಿದ. ವ್ಯಾನು ಒಮ್ಮೆ ಕೆಮ್ಮಿತು, ಎರಡನೆಯ ಸಲಕ್ಕೆ ನೀಲಿ ಹೊಗೆ ಉಗುಳಿ, ಹೊಲಿಗೆ ಮಿಷನ್ನಿನ ಹಾಗೆ ಟಕಟಕ ಎಂದು ಹಿಡಿದುಕೊಂಡಿತು. ಎಲ್ಲರೂ ಹೋ ಎಂದು ಹತ್ತಿದರು.

ಪ್ರೇಮಮ್ಮ ಹಿಂದಿನ ಸೀಟಿನ ಕಡೆ ನೋಡಿದಳು. ಅಲ್ಲಿ ತಾಂಬೂಲದ ಚೀಲಗಳನ್ನು ಒಟ್ಟಿದ್ದರು.

"ಪ್ರೇಮತ್ತೆ, ಹತ್ತಿ!" ಶೀಲಾ ಒಳಗಿಂದ ಕೂಗಿದಳು.

"ಜಾಗ ಎಲ್ಲೈತೆ?" ದುರ್ಗಮ್ಮ ಬಾಗಿಲು ಎಳೆದುಕೊಳ್ಳುತ್ತ ಅಂದಳು. "ಪ್ರೇಮಕ್ಕ ನಾಳೆ ಧಾರೆ ಆದ್ಮೇಲೆ, ಊಟದ ಹೊತ್ತಿಗೆ ಬಸ್ಸಲ್ಲಿ ಬರ್ತಾಳೆ. ಅಲ್ವಾ ಪ್ರೇಮಕ್ಕ?" ಹೇಳುವಾಗ ಅವಳು ತೊಡೆಯ ಮೇಲಿದ್ದ ಕಳಸವನ್ನು ನೋಡುತ್ತಿದ್ದಳು.

"ಹೂಂ. ಬರ್ತೀನಿ ಹೋಗವ್ವ." ಪ್ರೇಮಮ್ಮ ಹಾಲೇಶನ ಕಿಟಕಿಗೆ ಬಂದಳು. "ಸದ್ದು ಬದಲಾದ್ರೆ ನಿಲ್ಸು."

"ಯಾವ ಸದ್ದಕ್ಕ? ನಂಗೆ ಎಲ್ಲಾ ಒಂದೇ ತರ ಕೇಳ್ಸುತ್ತೆ."

ಪ್ರೇಮಮ್ಮ ಕಿಟಕಿ ಬಿಟ್ಟು ಹಿಂದೆ ಸರಿದಳು.

ವ್ಯಾನು ತಿರುವಿನಲ್ಲಿ ಮರೆಯಾಯಿತು. ಕಣ್ಣಿಗೆ ಮರೆಯಾದದ್ದು ಕಿವಿಗೆ ಇನ್ನೂ ಇತ್ತು. ಪ್ರೇಮಮ್ಮ ಬೀದಿಯ ನಡುವೆ, ಅರಿಶಿನ ಮೆತ್ತಿದ ಸೆರಗು ಹಿಡಿದು, ಕೈಯಲ್ಲಿ ಮಾವಿನ ಸೊಪ್ಪು ಉಳಿದಿರುವುದೂ ತಿಳಿಯದೆ ನಿಂತಳು. ಟಕಟಕ ಪೇಟೆ ದಾಟಿತು. ಸೇತುವೆಯ ಏರಿಗೆ ಬಂತು. ಅಲ್ಲಿ ಅದು ಏದುಸಿರು ಬಿಟ್ಟಿತು.

"ಇಳಿಸ್ರೀ," ಎಂದಳು, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಷ್ಟು ಮೆಲ್ಲಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಾಲೇಶ್ ಗೇರು ಇಳಿಸಲಿಲ್ಲ. ಹಾಗೆಯೇ ಎಳೆದುಕೊಂಡು ಏರು ಹತ್ತಿಸಿದ. ಆಮೇಲೆ ಲಾರಿಯೊಂದು ಬಂತು, ಅದರ ಸದ್ದಿನೊಳಗೆ ವ್ಯಾನಿನದು ಯಾವುದು ಎಂದು ಅವಳಿಗೂ ತಿಳಿಯದಾಯಿತು.